ಮನಶ್ಶಾಸ್ತ್ರ ಪದವಿಯ ಪಠ್ಯವ್ಯಾಪ್ತಿ

ಮನಶ್ಶಾಸ್ತ್ರವೆಂದರೆ ಮನೋರೋಗಗಳ ಅಧ್ಯಯನ ಮಾತ್ರವೆಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಪದವಿ ತರಗತಿಯ ಪಠ್ಯಕ್ರಮವು ಅದಕ್ಕಿಂತ ಬಹಳ ವಿಸ್ತಾರವಾದುದು. ಆಲೂರಿನಂತಹ ಗಡಿ ಊರಿನಲ್ಲಿ ಮನೆಯಲ್ಲಿ ಕನ್ನಡವನ್ನೂ ಶಾಲೆಯಲ್ಲಿ ತೆಲುಗನ್ನೂ ಬಳಸುವ ಮಗುವೊಂದನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಈ ವ್ಯಾಪ್ತಿಯು ಸ್ಪಷ್ಟವಾಗುತ್ತದೆ.

ಸಾಮಾನ್ಯ ಮನಶ್ಶಾಸ್ತ್ರವು ಆ ಮಗುವಿನ ಗ್ರಹಿಕೆ, ಕಲಿಕೆ, ಸ್ಮೃತಿಗಳನ್ನು ವಿವೇಚಿಸುತ್ತದೆ. ಶಾರೀರಿಕ ಮನಶ್ಶಾಸ್ತ್ರವು ಅವುಗಳಿಗೆ ಆಧಾರವಾದ ಮಿದುಳು ಮತ್ತು ನರಮಂಡಲವನ್ನು ಪರಿಚಯಿಸುತ್ತದೆ. ವಿಕಾಸಾತ್ಮಕ ಮನಶ್ಶಾಸ್ತ್ರವು ವಯಸ್ಸಿನೊಡನೆ ನುಡಿ ಮತ್ತು ಆಲೋಚನೆಗಳು ಬೆಳೆಯುವ ಬಗೆಯನ್ನೂ, ಸಾಮಾಜಿಕ ಮನಶ್ಶಾಸ್ತ್ರವು ಸಹಪಾಠಿಗಳ ಗುಂಪಿನ ಪ್ರಭಾವವನ್ನೂ, ಅಸಾಮಾನ್ಯ ಮನಶ್ಶಾಸ್ತ್ರವು ಆತಂಕ, ಖಿನ್ನತೆಗಳ ಲಕ್ಷಣ ಹಾಗೂ ಕಾರಣಗಳನ್ನೂ ತಿಳಿಸುತ್ತವೆ.

ಇವೆಲ್ಲಕ್ಕೂ ತಳಹದಿಯಾಗಿ ಪ್ರಯೋಗ, ಸಂಖ್ಯಾಶಾಸ್ತ್ರ ಮತ್ತು ಮಾಪನಗಳಿವೆ. ತೆಲುಗಿನಲ್ಲಿ ನಡೆದ ಬುದ್ಧಿಪರೀಕ್ಷೆಯಲ್ಲಿ ಈ ಮಗು ಕಡಿಮೆ ಅಂಕ ಪಡೆದರೆ, ಕೊರತೆಯು ಬುದ್ಧಿಯದೋ ಪರೀಕ್ಷೆಯ ಭಾಷೆಯದೋ ಎಂಬ ಪ್ರಶ್ನೆಯನ್ನು ಕೇಳಲು ಮಾಪನವು ಕಲಿಸುತ್ತದೆ. ಆ ಪ್ರಶ್ನೆಯನ್ನು ಕೇಳದೆ ಹೋದರೆ ಜಾಣ ಮಗುವಿಗೂ ಮಂದಬುದ್ಧಿಯೆಂಬ ಹಣೆಪಟ್ಟಿ ಅಂಟುತ್ತದೆ.

ಈ ಶಾಸ್ತ್ರವು ಕನ್ನಡಕ್ಕೆ ಹೊಸತಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವು 1924ರಲ್ಲಿ ಆರಂಭವಾಯಿತು. ವೈದ್ಯರಾದ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಮನಸ್ಸಿನ ಶಾಸ್ತ್ರವನ್ನು ಕನ್ನಡದಲ್ಲಿಯೇ ಓದಿ ಬರೆಯಬಹುದೆಂಬುದಕ್ಕೆ ಆ ಕೃತಿಯೇ ಸಾಕ್ಷಿ.