ಮೀನಿಗೆ ಸಲೈನ್, ಜೇಬಿಗೆ ಉಳಿತಾಯ

ಉಪ್ಪುನೀರಿನ ಅಕ್ವೇರಿಯಂ ಇಟ್ಟವರ ದುಡ್ಡು ಹೋಗುವುದು ಮೀನಿಗಲ್ಲ, ನೀರಿಗೆ. ಭೋರ್‌ನಂಥ ಊರಲ್ಲಂತೂ ಹೌದೇ ಹೌದು. ಪುಣೆ–ಬೆಂಗಳೂರು ಹೆದ್ದಾರಿ ಬಿಟ್ಟು ಕಾಪೂರಹೋಳದಲ್ಲಿ ಒಳಗೆ ತಿರುಗಿದರೆ ನಮ್ಮೂರು. ಸಮುದ್ರ ಇರುವುದು ವರಂಧಾ ಘಾಟ್ ಇಳಿದು ಮಹಾಡ ದಾಟಿದ ಮೇಲೆ. ಊರ ಪಕ್ಕದ ಭಾಟಘರ್ ಅಣೆಕಟ್ಟಿನಲ್ಲಿ ಬೇಕಾದಷ್ಟು ನೀರಿದೆ, ಆದರೆ ಅದು ಸಿಹಿನೀರು. ಹಾಗಾಗಿ ಆರ್‌ಒ ನೀರಿಗೆ ಪ್ಯಾಕೆಟ್ ಉಪ್ಪು ಕಲಸಿ ಮನೆಯಲ್ಲೇ ಕಡಲು ಮಾಡಿಕೊಳ್ಳಬೇಕು.

ನನ್ನದು 200 ಲೀಟರಿನ ತೊಟ್ಟಿ. ಜೋಡಿ ಕ್ಲೌನ್ ಮೀನು, ಒಂದಷ್ಟು ಮೆದು ಹವಳ. ಪಂಪು, ದೀಪ ಎಲ್ಲ ಸೇರಿ ಸರಾಸರಿ 100 ವ್ಯಾಟ್ ಹಿಡಿದರೆ ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72. ಮಹಾರಾಷ್ಟ್ರದ ಮನೆ ಬಿಲ್ಲಿನಲ್ಲಿ 100 ಯೂನಿಟ್ ದಾಟಿದ ಕೂಡಲೇ ದರ ಏರುತ್ತದೆ. ಫ್ಯಾನು, ಫ್ರಿಜ್ಜು ಬಿಡಲಾಗದ ಖರ್ಚು. ಹವ್ಯಾಸದ ಈ 72 ಯೂನಿಟ್ ಅದರ ಮೇಲಿನದು, ಅಂದರೆ ಮನೆಯಲ್ಲೇ ತುಟ್ಟಿಯಾದದ್ದು. ತೊಟ್ಟಿ ಕೊಳ್ಳುವ ಮೊದಲು ಹಳೆಯ ಕರೆಂಟು ಬಿಲ್ಲು ಮುಂದಿಟ್ಟುಕೊಂಡು ಈ ಲೆಕ್ಕ ಹಾಕಿ ನೋಡಿ ಎನ್ನುತ್ತೇನೆ. ಯಾರೂ ಹಾಕುವುದಿಲ್ಲ.

ಹೀಗೆ ತಿಂಗಳು ತಿಂಗಳೂ ಸೋರುವ ಕಡೆ ಇನ್ನೊಂದು ಯಂತ್ರ ಬೇಕೆಂದು ಅಂಗಡಿಯವರು ಹೇಳುತ್ತಾರೆ: ಡೋಸಿಂಗ್ ಪಂಪ್. ತೊಟ್ಟಿಯಿಂದ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಹೋದಷ್ಟು ಸಿಹಿನೀರು ದಿನವೂ ತುಂಬಬೇಕು. ಏಪ್ರಿಲ್‌ನಲ್ಲಿ ದಿನಕ್ಕೆ ಎರಡು ಲೀಟರ್ ಹೋದೀತು, ಸಹ್ಯಾದ್ರಿಯ ಮಳೆ ಹಿಡಿದ ಜುಲೈನಲ್ಲಿ ಅದರ ಅರ್ಧವೂ ಇಲ್ಲ. ಜೊತೆಗೆ ಹವಳವೂ ಕಲ್ಲಿನ ಮೇಲಿನ ಗುಲಾಬಿ ಪಾಚಿಯೂ ನೀರಿನ ಕ್ಯಾಲ್ಸಿಯಂ, ಕ್ಷಾರ ಎರಡನ್ನೂ ಎಳೆದುಕೊಳ್ಳುತ್ತವೆ. ಇವನ್ನೆಲ್ಲ ಹೊತ್ತಿಗೆ ಸರಿಯಾಗಿ ಸ್ವಲ್ಪಸ್ವಲ್ಪವೇ ಹಾಕುವ ಯಂತ್ರ ಅದು. ಒಳ್ಳೆಯದಾದರೆ ಹತ್ತು ಸಾವಿರ ರೂಪಾಯಿಯ ಮೇಲೆ.

ನಾನು ಅದರ ಬದಲು ಮೆಡಿಕಲ್ ಅಂಗಡಿಗೆ ಹೋಗಿ ಸಲೈನ್ ಸೆಟ್ ಕೇಳಿದೆ. "ಪೇಶಂಟ್ ಕೋಣ್?" ಅಂದರು ಅಂಗಡಿಯವರು. "ಮಾಸೆ," ಅಂದೆ, ಮೀನು ಅಂತ. ನೂರರ ನೋಟಿಗೆ ಚಿಲ್ಲರೆ ವಾಪಸು ಬಂತು. ಮನೆಯಲ್ಲಿ ಅವ್ವ ಒಂದೇ ಮಾತು ಕೇಳಿದಳು: "ಮೀನಿಗೆ ಸಲೈನ್ ಹಚ್ಚಾಕ ಹತ್ತೀಯೇನೋ, ತಮ್ಮಾ?"

ಹೆಚ್ಚುಕಡಿಮೆ ಹಾಗೆಯೇ. ಒಂದು ಲೀಟರಿನ ದಪ್ಪ ಪ್ಲಾಸ್ಟಿಕ್ ಬಾಟಲಿಯ ಬುಡದ ಹತ್ತಿರ ತೂತು ಕೊರೆದು, ಸೆಟ್ಟಿನ ಚೂಪು ತುದಿಯನ್ನು ಬಿಗಿಯಾಗಿ ತೂರಿಸಿ, ಸುತ್ತ ಅಕ್ವೇರಿಯಂ ಸಿಲಿಕೋನ್ ಹಚ್ಚಿ ಒಣಗಲು ಬಿಟ್ಟೆ. ಬಾಟಲಿ ಖಾಲಿಯಾಗುತ್ತ ಬಂದಂತೆ ಒತ್ತಡ ತಗ್ಗಿ ಹನಿ ನಿಧಾನವಾಗುತ್ತದೆ. ಅದಕ್ಕೆ ಮುಚ್ಚಳದಲ್ಲೊಂದು ತೂತು ಮಾಡಿ, ಗಟ್ಟಿ ನಳಿಕೆಯೊಂದನ್ನು ಬುಡದಿಂದ ಎರಡು ಬೆರಳು ಮೇಲಿನವರೆಗೆ ಇಳಿಸಿ, ಉಳಿದೆಲ್ಲ ಸಂದು ಗಾಳಿಯಾಡದಂತೆ ಮುಚ್ಚಬೇಕು. ಗಾಳಿ ಆ ನಳಿಕೆಯಿಂದಲೇ ಗುಳುಗುಳು ಎಂದು ಒಳಗೆ ಬರುತ್ತದೆ. ನೀರು ನಳಿಕೆಯ ತುದಿಗೆ ಇಳಿಯುವವರೆಗೂ ಹನಿಯ ವೇಗ ಒಂದೇ. 17ನೇ ಶತಮಾನದ ಫ್ರೆಂಚ್ ವಿಜ್ಞಾನಿ ಮಾರಿಯೊಟ್ ಹೆಸರಿನ ಈ ಉಪಾಯಕ್ಕೆ ಪೇಟೆಂಟು, ವಾರಂಟಿ ಎರಡೂ ಇಲ್ಲ.

ಸೆಟ್ಟಿನ ಪ್ಯಾಕೆಟ್ ಮೇಲೆ 20 ಹನಿಗೆ 1 ಮಿ.ಲೀ. ಎಂದಿರುತ್ತದೆ. ಒಂದು ಲೀಟರ್ ಹತ್ತು ತಾಸಿನಲ್ಲಿ ಇಳಿಯಬೇಕಾದರೆ ನಿಮಿಷಕ್ಕೆ 33 ಹನಿ. ಗಡಿಯಾರ ನೋಡಿ ಸೆಟ್ಟಿನ ಕೊಳವೆಯ ಮೇಲಿನ ಚಕ್ರ ತಿರುಗಿಸಿದರೆ ಆಯಿತು. ಆಸ್ಪತ್ರೆಯಲ್ಲಿ ಬಳಸಿ ಬಿಸಾಡಿದ ಸೆಟ್ ಮಾತ್ರ ಮುಟ್ಟಬೇಡಿ.

ಬಾಟಲಿಯೊಳಗೆ ಹಾಕುವುದು ಸುಣ್ಣದ ತಿಳಿ. ಎಲೆ ಅಡಿಕೆಯ ಸುಣ್ಣವಲ್ಲ, ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿ. ಒಂದು ಲೀಟರ್ ನೀರಿನಲ್ಲಿ ಇದು ಕರಗುವುದೇ 1.7 ಗ್ರಾಂ ಸುತ್ತ. ಹೆಚ್ಚು ಸುರಿದರೆ ಕೆಳಗೆ ಕೂರುತ್ತದೆ, ಅಷ್ಟೇ. ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಬೇಕು. ದಿನಕ್ಕೊಂದು ಲೀಟರ್ ಬಿಟ್ಟರೂ ವರ್ಷಕ್ಕೆ 620 ಗ್ರಾಂ ಪುಡಿ. ತಿಳಿಯ ಪಿಎಚ್ 12ರ ಮೇಲಿರುವುದರಿಂದ ಕಣ್ಣಿಗೆ ಸಿಡಿಯದಂತೆ ಕನ್ನಡಕ, ಕೈಗೆ ಗ್ಲೌಸ್ ಬೇಕೇ ಬೇಕು. ಗಾಳಿ ತಾಗಿದರೆ ಕೆನೆಗಟ್ಟಿ ನಳಿಕೆ ಕಟ್ಟಿಕೊಳ್ಳುತ್ತದೆ. ಆಗಾಗ ವಿನಿಗರ್‌ನಲ್ಲಿ ತೊಳೆಯಬೇಕು. ಹನಿ ಬಿಡುವುದು ರಾತ್ರಿ, ದೀಪ ಆರಿ ತೊಟ್ಟಿಯ ಪಿಎಚ್ ತಗ್ಗಿದಾಗ.

ಹಣದ ದೃಷ್ಟಿಯಿಂದ ನನಗೆ ಹಿಡಿಸಿದ್ದು ಸೆಟ್ಟಿನ ಅಗ್ಗದ ಬೆಲೆಯಲ್ಲ, ಬಾಟಲಿಯ ಗಾತ್ರ. ಚಕ್ರ ಸಡಿಲಾಗಿ ಪೂರ್ತಿ ಲೀಟರ್ ಒಂದೇ ಸಲ ಸುರಿದುಹೋಯಿತು ಅನ್ನಿ. 200 ಲೀಟರಿನಲ್ಲಿ ಕ್ಷಾರ ಏರುವುದು 0.6 ಡಿಕೆಎಚ್ (ಕ್ಷಾರ ಅಳೆಯುವ ಮಾನ) ಆಸುಪಾಸು, ಪಿಎಚ್ ಕೆಲ ಹೊತ್ತು ಜಿಗಿಯುತ್ತದೆ. ಹವಳ ಮುನಿಸಿಕೊಂಡೀತು, ಸಾಯಲಿಕ್ಕಿಲ್ಲ. ಪುಣೆಯ ಗೆಳೆಯರೊಬ್ಬರ ಯಂತ್ರದ ಪಂಪು ನಿಲ್ಲದೆ ಇಡೀ ಕ್ಯಾನ್ ಸುರಿದಿತ್ತು. ಆ ಕ್ಯಾನ್ 20 ಲೀಟರಿನದು. ದೊಡ್ಡ ಬಾಟಲಿ ಇಟ್ಟರೆ ವಾರಕ್ಕೊಮ್ಮೆ ತುಂಬಿದರೆ ಸಾಕು ಎಂಬ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಎಷ್ಟು ಸುರಿದರೆ ತಡೆದುಕೊಳ್ಳಬಹುದೋ ಅಷ್ಟೇ ತುಂಬಿ; ಏಪ್ರಿಲ್‌ನ ಹೆಚ್ಚಿನ ನೀರನ್ನು ಬೆಳಿಗ್ಗೆ ಕೈಯಾರೆ ಹಾಕಿದರಾಯಿತು.

ಇನ್ನು ಮಳೆಗಾಲದ ಕರೆಂಟು. ಪವರ್ ಹೋದರೆ ಯಂತ್ರ ನಿಲ್ಲುತ್ತದೆ, ಸಲೈನ್ ನಿಲ್ಲುವುದಿಲ್ಲ. ಆದರೆ ನೀರು ತಿರುಗಿಸುವ ಪಂಪೂ ನಿಂತಿರುವುದರಿಂದ ಸುಣ್ಣವೆಲ್ಲ ಹನಿ ಬಿದ್ದ ಕಡೆಯೇ ಸೇರಿಕೊಳ್ಳುತ್ತದೆ. ಚಕ್ರ ಮುಚ್ಚಲು ಮನೆಯಲ್ಲಿ ಯಾರಾದರೂ ಇರಬೇಕು. ನಮ್ಮಲ್ಲಿ ಅದು ಅವ್ವನ ಖಾತೆ.

ಯಂತ್ರಕ್ಕೆ ಹೋಗಬೇಕಿದ್ದ ದುಡ್ಡಿನಲ್ಲಿ ಒಂದು ಪಾಲು ಬ್ಯಾಟರಿಯ ಏರ್ ಪಂಪಿಗೆ, ಒಂದು ಪಾಲು ಕ್ಷಾರ ಮತ್ತು ಕ್ಯಾಲ್ಸಿಯಂ ಅಳೆಯುವ ಟೆಸ್ಟ್ ಕಿಟ್‌ಗೆ ಹಾಕಿದೆ, ಮಿಕ್ಕದ್ದು ಬ್ಯಾಂಕಿನಲ್ಲಿದೆ. ಕಿಟ್ ಮೊದಲು ಕೊಳ್ಳಿ. ಮೆದು ಹವಳವಷ್ಟೇ ಇದ್ದರೆ ನೀರು ಬದಲಿಸಿದ್ದೇ ಸಾಕಾಗಿ, ಸುಣ್ಣವೇ ಬೇಡವೆಂದು ಕಿಟ್ ಹೇಳುವುದೂ ಉಂಟು.

ಕೊನೆಗೊಂದು ಎಚ್ಚರಿಕೆ. ದಿಬ್ಬ ಕಟ್ಟುವ ಗಟ್ಟಿ ಹವಳಗಳು, ನಮ್ಮ ಮುರುಡೇಶ್ವರದೆದುರಿನ ನೇತ್ರಾಣಿ ದ್ವೀಪದವೂ ಸೇರಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿ ಇರುವುದೂ ಅಲ್ಲೇ. ಶಿಕ್ಷೆ 3ರಿಂದ 7 ವರ್ಷ ಜೈಲು, 2022ರ ತಿದ್ದುಪಡಿಯ ನಂತರ ಕನಿಷ್ಠ 25,000 ರೂಪಾಯಿ ದಂಡ. ಅಗ್ಗಕ್ಕೆ ಸಿಕ್ಕಿತೆಂದು ಯಾರಾದರೂ ಸಮುದ್ರದಿಂದ ಕಿತ್ತ ತುಂಡು ತಂದು ತೋರಿಸಿದರೆ, ದಯವಿಟ್ಟು ಕೊಳ್ಳಬೇಡಿ.