ಮೂಳೆ ಆಪರೇಷನ್: ಕಾರ್ಡ್ ತೋರಿಸುವ ಮುನ್ನ ದರ ಕೇಳಿ

ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ಎಂದು ಕೇಳಿದವರು, ಮಂಡಿ ಸವೆದು ನಡೆಯಲಾಗದಾಗ ಆ 5 ಲಕ್ಷವನ್ನೇ ನಂಬಿ ಆಸ್ಪತ್ರೆ ಮೆಟ್ಟಿಲು ಹತ್ತುತ್ತಾರೆ. ಆಸ್ಪತ್ರೆಯ ಲೆಕ್ಕವೇ ಬೇರೆ. ಅದಕ್ಕೆ ಸಿಗುವುದು ಆ ಒಂದು ಆಪರೇಷನ್ನಿಗೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರ ಮಾತ್ರ. 2018ರಲ್ಲಿ ಆಯುಷ್ಮಾನ್ ಭಾರತ್ ಶುರುವಾದಾಗ ಕೇಂದ್ರದ ಪಟ್ಟಿಯಲ್ಲಿ ಮಂಡಿ ಬದಲಿಸಲು ಇಟ್ಟಿದ್ದ ದರ 80,000 ರೂಪಾಯಿ. 2017ರ ಆಗಸ್ಟ್‌ನಲ್ಲಿ ಔಷಧ ಬೆಲೆ ಪ್ರಾಧಿಕಾರ ಕೋಬಾಲ್ಟ್-ಕ್ರೋಮಿಯಂ ಕೃತಕ ಮಂಡಿಗೆ ಕಟ್ಟಿದ ಗರಿಷ್ಠ ಬೆಲೆಯೇ, ತೆರಿಗೆ ಬಿಟ್ಟು, 54,720 ರೂಪಾಯಿ. ಆ ಬೆಲೆಗೇ ಕೊಂಡರೆ ಸರ್ಜನ್, ಅರಿವಳಿಕೆ, ಥಿಯೇಟರ್, ಹಾಸಿಗೆ, ಔಷಧ ಎಲ್ಲವೂ ಉಳಿದ 25,280ರಲ್ಲಿ ಮುಗಿಯಬೇಕು. ಸಗಟಾಗಿ ಕೊಳ್ಳುವ ದೊಡ್ಡ ಆಸ್ಪತ್ರೆಗೆ ಇಂಪ್ಲಾಂಟ್ ಅಗ್ಗಕ್ಕೆ ಸಿಗಬಹುದು, ಸಣ್ಣ ನರ್ಸಿಂಗ್ ಹೋಂಗೆ ಕಷ್ಟ. ‘ಈ ಕಾರ್ಡ್ ನಮ್ಮಲ್ಲಿ ನಡೆಯಲ್ಲ’ ಎಂಬ ಉತ್ತರಕ್ಕೆ ದುರಾಸೆಗಿಂತ ಈ ಲೆಕ್ಕವೇ ದೊಡ್ಡ ಕಾರಣ ಎಂಬುದು ನನ್ನ ವಾದ. ಆದ್ದರಿಂದ ಮೊದಲು ಕೇಳಬೇಕಾದದ್ದು ಕಾರ್ಡಿನ ಮಿತಿಯನ್ನಲ್ಲ, ದರವನ್ನು.

ತುರ್ತಿಲ್ಲದ ಆಪರೇಷನ್ನಿಗೆ ಸರ್ಕಾರಿ ಆಸ್ಪತ್ರೆಯಿಂದಲೇ ಹೊರಡಬೇಕು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ, ಹಂಪಿಯವರ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿ ಹೊಸಪೇಟೆಯದು. ಸಂಡೂರು, ಕಂಪ್ಲಿಯವರದು ಈಗಲೂ ಬಳ್ಳಾರಿಯದೇ. ದೂರು ಕೊಡುವಾಗ ಇದು ನೆನಪಿರಲಿ. ಜನ ಈಗಲೂ ವಿಮ್ಸ್ ಎನ್ನುವ ಬಳ್ಳಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಕೆಲಸ ಆಗುವುದಾದರೆ ದರದ ಚೌಕಾಸಿಯೇ ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಸೌಲಭ್ಯವಿಲ್ಲವೆಂದರೆ ರೆಫರಲ್ ಪತ್ರ ಬರೆಸಿಕೊಳ್ಳಿ; ಅದಿಲ್ಲದೆ ಖಾಸಗಿಗೆ ಹೋದರೆ ಯೋಜನೆಯ ಬಾಗಿಲು ಮುಚ್ಚಿದಂತೆಯೇ. ಅದಕ್ಕೂ ಮುನ್ನ ಪಡಿತರ ಚೀಟಿಯಲ್ಲಿ ರೋಗಿಯ ಹೆಸರು ಇದೆಯೇ, ಆಧಾರ್‌ನಲ್ಲಿರುವಂತೆಯೇ ಇದೆಯೇ ನೋಡಿ. ಒಂದರಲ್ಲಿ ‘ಹುಲಿಗೆಮ್ಮ’, ಇನ್ನೊಂದರಲ್ಲಿ ‘ಹುಲಿಗಮ್ಮ’ ಎಂದಿದ್ದರೂ ಕೌಂಟರ್‌ನಲ್ಲಿ ತಡವಾಗಬಹುದು.

ಖಾಸಗಿ ಆಸ್ಪತ್ರೆಗೆ ಹೋದ ಮೇಲೆ, ಯೋಜನೆಯ ರೋಗಿಗಳ ನೆರವಿಗೆಂದು ಅಲ್ಲಿರುವ ಆರೋಗ್ಯಮಿತ್ರರನ್ನು ಹುಡುಕಿ. ಆಸ್ಪತ್ರೆ ನೋಂದಣಿಯಾಗಿದ್ದರೆ ಸಾಲದು, ಮೂಳೆ ವಿಭಾಗಕ್ಕೇ ನೋಂದಣಿ ಇದೆಯೇ ಎಂದು ಕೇಳಿ. ಆಪರೇಷನ್ನಿನ ಕೋಡ್ ಯಾವುದು, ಅದಕ್ಕೆ ಇಂದಿನ ದರ ಎಷ್ಟು, ಇಂಪ್ಲಾಂಟ್ ಅದರಲ್ಲೇ ಸೇರಿದೆಯೇ ಎಂಬುದನ್ನು ಬರೆದುಕೊಳ್ಳಿ. ರಾಜ್ಯದಲ್ಲಿ ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನ ಪೂರ್ವಾನುಮತಿ ಬರುವವರೆಗೆ ಮುಂಗಡ ಕಟ್ಟಬೇಡಿ. ಎಪಿಎಲ್‌ನವರ ಸ್ಥಿತಿ ಬೇರೆ: ಸರ್ಕಾರ ಪ್ಯಾಕೇಜ್ ದರದ ಶೇ 30ರಷ್ಟನ್ನು, ವರ್ಷಕ್ಕೆ ಕುಟುಂಬಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ ಕೊಡುತ್ತದೆ. ದರ 80,000 ಎಂದಿಟ್ಟುಕೊಂಡರೆ ಸರ್ಕಾರದ್ದು 24,000, ಮಿಕ್ಕಿದ್ದು ನಿಮ್ಮ ಜೇಬಿನದು.

ಅಪಘಾತ, ತುರ್ತು ಆಪರೇಷನ್‌ಗಳಿಗೆ ರೆಫರಲ್ ಬೇಡ. ಅದಿರು ಲಾರಿಗಳು ಓಡುವ ಸಂಡೂರಿನ ರಸ್ತೆಗಳಲ್ಲಿ, ಹೊಸಪೇಟೆಯ ಹೆದ್ದಾರಿಗಳಲ್ಲಿ ಬಿದ್ದವರಿಗೆ ಇದು ಗೊತ್ತಿರಬೇಕು. 2025ರ ಮೇನಲ್ಲಿ ಕೇಂದ್ರ ಹೊರಡಿಸಿದ ನಗದುರಹಿತ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ 7 ದಿನಗಳವರೆಗೆ ಒಂದೂವರೆ ಲಕ್ಷದ ಚಿಕಿತ್ಸೆ ಇದೆ, ಕಾರ್ಡ್ ಯಾವುದೇ ಇರಲಿ.

ದರ ಕಡಿಮೆ ಎಂದ ಮೇಲೆ ಏರಿಸಬೇಕಲ್ಲವೇ? ಏರಿಸಿದರೆ ಖಾಸಗಿಯವರ ಹೊಟ್ಟೆ ತುಂಬುತ್ತದಷ್ಟೇ ಎಂಬ ಆಕ್ಷೇಪ ಪೂರ್ತಿ ಸುಳ್ಳಲ್ಲ. ರಾಜಸ್ಥಾನದಲ್ಲಿ ಇಂಥದ್ದೇ ಯೋಜನೆಯ ದರ ಏರಿಸಿದಾಗ ನಡೆದ ಅಧ್ಯಯನದಲ್ಲಿ, ರೋಗಿಗಳಿಂದ ಕೀಳುತ್ತಿದ್ದ ಹಣ ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ. ಅಂದರೆ ದರವೂ ಬೇಕು, ಕಾವಲೂ ಬೇಕು. ವಿಮೆಯ ಬದಲು ಆ ಹಣವನ್ನು ಸರ್ಕಾರಿ ಆಸ್ಪತ್ರೆಗೇ ಸುರಿಯಿರಿ ಎನ್ನುವವರಿಗೂ ಉತ್ತರ ನಮ್ಮ ಕಡೆಯೇ ಇದೆ. 2010ರಲ್ಲಿ ಅವಿಭಜಿತ ಬಳ್ಳಾರಿಯೂ ಸೇರಿದ್ದ ಕಲಬುರಗಿ ವಿಭಾಗದಲ್ಲಿ ಮೊದಲು ಬಂದ ವಾಜಪೇಯಿ ಆರೋಗ್ಯಶ್ರೀ ವಿಮಾ ಯೋಜನೆಯ ಹಳ್ಳಿಗಳನ್ನು, ಅದಿನ್ನೂ ಬಾರದಿದ್ದ ಗಡಿಯಾಚೆಯ ಹಳ್ಳಿಗಳೊಂದಿಗೆ ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ಪಟ್ಟಿಯಲ್ಲಿದ್ದ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಾದ ಸಾವು ಸುಮಾರು ಮೂರನೇ ಎರಡು ಭಾಗ ಕಡಿಮೆಯಿತ್ತು. ಹೃದಯ, ಕ್ಯಾನ್ಸರ್‌ನಂಥವು ಆ ಪಟ್ಟಿಯಲ್ಲಿದ್ದವು, ಮಂಡಿ ಬದಲಾವಣೆ ಇರಲಿಲ್ಲ. ಯಾವುದಕ್ಕೆ ಹಣ ಕೊಡುತ್ತಾರೋ ಅದರ ಬಾಗಿಲು ತೆರೆಯುತ್ತದೆ.

ಕಾವಲಿನ ಪಾಲು ರೋಗಿಯ ಕಡೆಯವರದೂ ಹೌದು. ‘ಒಳ್ಳೆ ಇಂಪ್ಲಾಂಟ್’ ಎಂದು ಹೆಚ್ಚುವರಿ ಕೇಳಿದರೆ ರಸೀದಿ ಕೇಳಿ. ಕೊಡದಿದ್ದರೆ ಹೇಳಿದ ಮೊತ್ತ, ದಿನಾಂಕ ಬರೆದಿಟ್ಟು ಟ್ರಸ್ಟ್‌ನ ಸಹಾಯವಾಣಿ 1800 425 8330ಕ್ಕೆ ಅಲ್ಲಿಂದಲೇ ಕರೆ ಮಾಡಿ. ಡಿಸ್ಚಾರ್ಜ್ ಚೀಟಿಯ ಜೊತೆ ಇಂಪ್ಲಾಂಟ್‌ನ ಸ್ಟಿಕ್ಕರ್ ಅಂಟಿಸಿದ ಹಾಳೆಯ ಪ್ರತಿಯನ್ನೂ ಪಡೆಯಿರಿ.