ಹೊಸ ವ್ಯಾಯಾಮ ಮತ್ತು ಕುತ್ತಿಗೆ ನೋವು

"ಡಾಕ್ಟ್ರೇ, ಆರೋಗ್ಯ ಚೆನ್ನಾಗಿರಲಿ ಅಂತ ವ್ಯಾಯಾಮ ಶುರು ಮಾಡಿದೆ. ಈಗ ಕತ್ತು ತಿರುಗಿಸೋಕೂ ಆಗ್ತಿಲ್ಲ" ಎನ್ನುತ್ತಾ ಗುಮಾಸ್ತರೊಬ್ಬರು ಇತ್ತೀಚೆಗೆ ನನ್ನಲ್ಲಿಗೆ ಬಂದಿದ್ದರು. ವಯಸ್ಸು 42. ವರ್ಷಗಟ್ಟಲೆ ಕುರ್ಚಿಯಲ್ಲಿ ಕುಳಿತೇ ದುಡಿದ ಅವರು, ಮೊದಲ ದಿನವೇ 50 ಸಿಟ್‌ಅಪ್ ಮಾಡಿ, ಮಗನ ಡಂಬೆಲ್ಸನ್ನೂ ಎತ್ತಿದ್ದರು.

ಇಂಥವರಿಗೆ ನಾನು ಕೇಳುವ ಮೊದಲ ಪ್ರಶ್ನೆ: ನೋವು ಯಾವಾಗ ಬಂತು? ಕಾರಣದ ಸುಳಿವು ಹೆಚ್ಚಾಗಿ ಆ ಉತ್ತರದಲ್ಲೇ ಇರುತ್ತದೆ.

ಮರುದಿನ ಬಂದ ನೋವು

ಸುಮಾರು 5 ಕೆ.ಜಿ. ತೂಕದ ತಲೆಯನ್ನು ಹೊತ್ತಿರುವುದು ಕುತ್ತಿಗೆ. ಸಿಟ್‌ಅಪ್ ಮಾಡುವಾಗ ಕೈಗಳಿಂದ ತಲೆಯನ್ನು ಎಳೆದರೆ, ಭಾರ ಎತ್ತುವಾಗ ಭುಜಗಳನ್ನು ಕಿವಿಯವರೆಗೆ ಬಿಗಿಹಿಡಿದರೆ, ಅಲ್ಲಿನ ಸ್ನಾಯುಗಳು ದಣಿಯುತ್ತವೆ. ಅಭ್ಯಾಸವಿಲ್ಲದ ಸ್ನಾಯುಗಳ ಈ ನೋವು ಸಾಮಾನ್ಯವಾಗಿ ಮರುದಿನ ಕಾಣಿಸಿಕೊಂಡು, ಎರಡು-ಮೂರು ದಿನ ಹೆಚ್ಚಾಗಿದ್ದು, ವಾರದೊಳಗೆ ಇಳಿಯುತ್ತದೆ. ಹೆದರಬೇಕಾಗಿಲ್ಲ.

ಬಿಸಿನೀರಿನ ಚೀಲ ಅಥವಾ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಯಾವುದು ಹಿತವೋ ಅದನ್ನು 15 ನಿಮಿಷ ಇಡಿ. ಹಾಸಿಗೆ ಹಿಡಿಯಬೇಡಿ. ನೋವು ಹೆಚ್ಚಾಗದ ಮಿತಿಯಲ್ಲಿ ಕುತ್ತಿಗೆಯನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ ತಿರುಗಿಸುತ್ತಿರಿ. ಕತ್ತಿನ ಪೊಳ್ಳು ತುಂಬುವಷ್ಟು ಎತ್ತರದ ದಿಂಬು ಸಾಕು. ವಯಸ್ಕರು ಅಗತ್ಯವಿದ್ದರೆ 500 ಮಿ.ಗ್ರಾಂ. ಪ್ಯಾರಾಸಿಟಮಾಲ್ ಒಂದು ಮಾತ್ರೆಯನ್ನು 6 ಗಂಟೆಗಳ ಅಂತರದಲ್ಲಿ ತೆಗೆದುಕೊಳ್ಳಬಹುದು. ಪಿತ್ತಜನಕಾಂಗದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಸೇವಿಸಬೇಕು. ಹೊಟ್ಟೆಹುಣ್ಣು, ಮೂತ್ರಪಿಂಡದ ಕಾಯಿಲೆ, ರಕ್ತದೊತ್ತಡ ಇರುವವರು ಬೇರೆ ನೋವಿನ ಮಾತ್ರೆಗಳನ್ನು ತಾವಾಗಿಯೇ ನುಂಗಬಾರದು.

ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುಚಿಸಿ ನೆಟಿಕೆ ತೆಗೆಸುವುದಂತೂ ಬೇಡವೇ ಬೇಡ. ಮಿದುಳಿಗೆ ರಕ್ತ ಒಯ್ಯುವ ನಾಳಗಳು ಅಲ್ಲಿಯೇ ಹಾದುಹೋಗುತ್ತವೆ. ಅಪರೂಪಕ್ಕಾದರೂ ಅವುಗಳಿಗೆ ಪೆಟ್ಟು ಬಿದ್ದು ಪಾರ್ಶ್ವವಾಯು ಬಡಿದದ್ದುಂಟು.

ತಡಮಾಡಬಾರದ ನೋವು

ಭಾರ ಎತ್ತುವಾಗಲೇ ಛಳಕ್ಕೆಂದು ಬಂದು ತೋಳಿಗೆ ಇಳಿಯುವ ನೋವು, ಬೆರಳುಗಳಲ್ಲಿ ಜೋಮು, ಕೈಯ ಹಿಡಿತ ಸಡಿಲವಾಗುವುದು ನರದ ಮೇಲೆ ಒತ್ತಡ ಬಿದ್ದಿರುವುದರ ಸೂಚನೆ. ಕೂಡಲೇ ವೈದ್ಯರಿಗೆ ತೋರಿಸಿ. ನಡಿಗೆ ತಡವರಿಸಿದರೆ, ಮೂತ್ರದ ಮೇಲೆ ಹತೋಟಿ ತಪ್ಪಿದರೆ, ಬಿದ್ದು ಪೆಟ್ಟಾಗಿದ್ದರೆ ಅಥವಾ ಜ್ವರದೊಂದಿಗೆ ಕುತ್ತಿಗೆ ಬಿಗಿದರೆ ಅಂದೇ ಆಸ್ಪತ್ರೆಗೆ ಹೋಗಿ.

ಇನ್ನೊಂದನ್ನು ಬಹಳ ಜನ ಗಮನಿಸುವುದಿಲ್ಲ. ಬಿರುಸಾಗಿ ನಡೆಯುವಾಗ ಕುತ್ತಿಗೆ, ದವಡೆ ಹಿಡಿದಂತಾಗಿ, ನಿಂತರೆ ನಾಲ್ಕೈದು ನಿಮಿಷದಲ್ಲಿ ಕಡಿಮೆಯಾಗುತ್ತಿದ್ದರೆ ಅದು ಹೃದಯದ ನೋವಿರಬಹುದು. ಎದೆ ನೋಯಲೇಬೇಕೆಂದಿಲ್ಲ. ವ್ಯಾಯಾಮ ನಿಲ್ಲಿಸಿ, ಅಂದೇ ವೈದ್ಯರನ್ನು ಕಂಡು ಇಸಿಜಿ ಮಾಡಿಸಿ. ಬೆವರು, ಉಬ್ಬಸ ಜೊತೆಗಿದ್ದರೆ ಅಥವಾ ವಿಶ್ರಾಂತಿ ಪಡೆದರೂ ನೋವು ಹೋಗದಿದ್ದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆ ಸೇರಿ.

ಮತ್ತೆ ಆರಂಭಿಸುವಾಗ

ಕುತ್ತಿಗೆ ಎರಡೂ ಕಡೆ ಸಲೀಸಾಗಿ ತಿರುಗುವಂತಾದ ಮೇಲೆ, ಹಿಂದೆ ಮಾಡಿದ್ದರ ಅರ್ಧಕ್ಕಿಂತ ಕಡಿಮೆ ಪ್ರಮಾಣದಿಂದ ಶುರುಮಾಡಿ. ಮೊದಲು 10 ನಿಮಿಷ ನಡೆದು ಮೈ ಬೆಚ್ಚಗೆ ಮಾಡಿಕೊಳ್ಳಿ. ಸಿಟ್‌ಅಪ್‌ನಲ್ಲಿ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಿ. ಶೀರ್ಷಾಸನ, ಸರ್ವಾಂಗಾಸನಗಳನ್ನು ಪುಸ್ತಕ ನೋಡಿ ಕಲಿಯಬೇಡಿ. ಬಲ್ಲ ಗುರುಗಳು ಎದುರಿಗಿರಲಿ.

ನಮ್ಮ ಗುಮಾಸ್ತರ ನೋವು ಆರನೆಯ ದಿನಕ್ಕೆ ಮಾಯವಾಯಿತು. ಈಗ ಅವರು ದಿನಕ್ಕೆ 10 ಸಿಟ್‌ಅಪ್ ಮಾಡುತ್ತಾರೆ. ಐವತ್ತಕ್ಕೆ ಅವಸರವೇನಿಲ್ಲ.